ಬೋರ್ ನೀರಿನ ಆರ್ಸೆನಿಕ್, ಹೊಟ್ಟೆಯಲ್ಲಿರುವ ಕೂಸು

ಪ್ರಶ್ನೆ: ನಮ್ಮದು ಲಿಂಗಸೂಗೂರು ತಾಲ್ಲೂಕು. ಬೋರ್ ನೀರಿನ ವರದಿಯಲ್ಲಿ ಆರ್ಸೆನಿಕ್ 0.04 ಎಂದಿದೆ. ಸೊಸೆಗೆ ಈಗ ಐದು ತಿಂಗಳು. ಕುದಿಸಿ ಆರಿಸಿ ಕುಡಿದರೆ ಸಾಕಲ್ಲವೇ? ಇಂಥ ನೀರು ಕುಡಿದರೆ ಮಗುವಿನ ಜೀನ್‌ಗಳೇ ಬದಲಾಗುತ್ತವಂತೆ. ಹುಟ್ಟಿದ ಮೇಲೆ ಅದಕ್ಕೆ ಪರೀಕ್ಷೆ ಉಂಟೇ?

ಉತ್ತರ: 0.04 ನೋಡಲು ಸಣ್ಣ ಅಂಕಿ. ಆದರೆ ಅದು ಲೀಟರಿಗೆ ಮಿಲಿಗ್ರಾಂ ಲೆಕ್ಕ; ನಮ್ಮ ಮಾನಕದ ಮಿತಿ 0.01. ನಿಮ್ಮ ನೀರಿನಲ್ಲಿ ಅದರ ನಾಲ್ಕು ಪಟ್ಟಿದೆ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿದು, ಮಿಕ್ಕ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳಿಂದಲೂ ಪ್ರಯೋಜನವಿಲ್ಲ.

ಆರ್ಸೆನಿಕ್‌ಗೆ ಮಾಸು ಅಡ್ಡಿಯಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಹೆಚ್ಚುಕಡಿಮೆ ತಾಯಿಯ ರಕ್ತದಷ್ಟೇ ಇರುತ್ತದೆ. ಥಾಯ್ಲೆಂಡಿನ ರಾನ್ ಫಿಬುನ್ ಹಳೆಯ ತವರದ ಗಣಿಗಳ ಪ್ರದೇಶ. ಅಲ್ಲಿನ 32 ತಾಯಿ-ಮಕ್ಕಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ತಾಯಿಯ ಕಾಲುಗುರಿನಲ್ಲಿ ಆರ್ಸೆನಿಕ್ ಅಳೆದು, ಹೊಕ್ಕುಳಬಳ್ಳಿಯ ರಕ್ತದೊಂದಿಗೆ ತಾಳೆ ನೋಡಿದಾಗ ಸುಮಾರು 450 ಜೀನ್‌ಗಳ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡಿತು. ಅವುಗಳಲ್ಲಿ ಬರೀ 11 ಜೀನ್‌ಗಳನ್ನು ನೋಡಿಯೇ ತಾಯಿ ಆರ್ಸೆನಿಕ್ ಸೇವಿಸಿದ್ದಾಳೆಯೇ ಎಂದು ಬಹುಪಾಲು ಹೇಳಬಹುದಿತ್ತು. ಉರಿಯೂತವನ್ನು ನಡೆಸುವ ಎನ್‌ಎಫ್-ಕಪ್ಪಾಬಿ ಜಾಲ ಎದ್ದು ಕಾಣುವಂತೆ ಚುರುಕಾಗಿತ್ತು.

ಇಲ್ಲಿ ಗಮನಿಸಿ: ಇದು ಜೀನ್‌ನ ಬರಹ ಬದಲಾದ ಮಾತಲ್ಲ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತದೆ ಎಂಬುದು ಬದಲಾದ ಮಾತು. ದೇಹ ಆರ್ಸೆನಿಕ್‌ಗೆ ಮೀಥೈಲ್ ಗುಂಪು (ಇಂಗಾಲ, ಹೈಡ್ರೋಜನ್‌ಗಳ ಪುಟ್ಟ ತುಣುಕು) ಸೇರಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂದು ಡಿಎನ್‌ಎ ಮೇಲೆ ಗುರುತು ಹಾಕಲು ಬೇಕಾದ ಮೀಥೈಲ್ ಕೂಡ ಅದೇ ದಾಸ್ತಾನಿನಿಂದಲೇ ಬರಬೇಕು. ಆ ದಾಸ್ತಾನಿಗೆ ಫೋಲಿಕ್ ಆಮ್ಲ ಬೇಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆ ಒಂದು ದಿನವೂ ತಪ್ಪಬಾರದು. ಹಾಗೆಂದು ಅದು ಕೆಟ್ಟ ನೀರಿಗೆ ಪರಿಹಾರವೂ ಅಲ್ಲ.

ಮಗುವಿಗೆ ಜೀನ್ ಪರೀಕ್ಷೆ ಬೇಡ. ಆ ವ್ಯತ್ಯಾಸಗಳು ಗುಂಪುಗಳನ್ನು ಹೋಲಿಸಿದಾಗ ಕಂಡವು. ಒಂದು ಕೂಸಿಗೆ 'ಇಷ್ಟಿದ್ದರೆ ಸರಿ' ಎಂಬ ಅಳತೆ ಇಲ್ಲ. ಯಾರಾದರೂ ಮಾಡಿಕೊಡುತ್ತೇವೆ ಎಂದರೆ ದುಡ್ಡು ಉಳಿಸಿಕೊಳ್ಳಿ. ಅದರ ಬದಲು ಸೊಸೆಯ ಮೂತ್ರ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಮುಂಚಿನ ನಾಲ್ಕು ದಿನ ಮೀನು, ಸಿಗಡಿ, ಏಡಿ ತಿನ್ನಬಾರದು. ಅವುಗಳ ನಿರುಪದ್ರವಿ ಆರ್ಸೆನಿಕ್ ಲೆಕ್ಕ ಕೆಡಿಸುತ್ತದೆ. ಮೂತ್ರ ಎಷ್ಟು ತೆಳುವಾಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ಅಳೆಯಲು ಹೇಳಿ, ಇಲ್ಲದಿದ್ದರೆ ನೀರು ಹೆಚ್ಚು ಕುಡಿದವರಲ್ಲಿ ಅಂಕಿ ಸುಳ್ಳೇ ಇಳಿಯುತ್ತದೆ. ನೀರು ಬದಲಿಸಿದರೆ ಕೆಲವೇ ದಿನಗಳಲ್ಲಿ ಮೂತ್ರದ ಮಟ್ಟ ತಗ್ಗುತ್ತದೆ. ಪರೀಕ್ಷೆಗೆಂದು ನೀರು ಬದಲಿಸುವುದನ್ನು ಮುಂದೂಡಬೇಡಿ.

ಚಿಲಿ ದೇಶದ ಆಂಟೊಫಗಾಸ್ಟಾದಲ್ಲಿ 1958ರಿಂದ 1970ರವರೆಗೆ ನಲ್ಲಿ ನೀರಿನಲ್ಲಿ ಆರ್ಸೆನಿಕ್ 0.8 ಮೀರಿತ್ತು. ಆಗ ಗರ್ಭದಲ್ಲಿದ್ದವರು 30ರಿಂದ 49ರ ವಯಸ್ಸಿನಲ್ಲೇ ಶ್ವಾಸಕೋಶದ ಕಾಯಿಲೆಗಳಿಂದ ಸತ್ತದ್ದು ಹೆಚ್ಚು. ನಿಮ್ಮದು ಅದರ ಇಪ್ಪತ್ತನೇ ಒಂದು ಪಾಲು. ಗಾಬರಿ ಬೇಡ, ಉದಾಸೀನವೂ ಬೇಡ.

ಕುಡಿಯಲು, ಅಡುಗೆಗೆ ನದಿ ನೀರಿನ ನಲ್ಲಿ ಅಥವಾ ಛಾವಣಿಯ ಮಳೆನೀರು ಒಳ್ಳೆಯದು. ಅನ್ನಕ್ಕೆ ಬೋರ್ ನೀರು ಇಟ್ಟರೆ ಅಕ್ಕಿ ಅದನ್ನೆಲ್ಲ ಹೀರುತ್ತದೆ. ಆರ್‌ಒ ಇದ್ದರೆ ಶುದ್ಧವಾಗಿ ಬಂದ ನೀರನ್ನೂ ಪರೀಕ್ಷಿಸಿ: ಆಳದ ನೀರಿನಲ್ಲಿರುವ ಮೂರು-ವೇಲೆನ್ಸಿಯ ಆರ್ಸೆನಿಕ್ (ಆರ್ಸೆನಿಕ್‌ನ ಒಂದು ರೂಪ) ಆರ್‌ಒ ಪೊರೆಯನ್ನು ಸುಲಭವಾಗಿ ದಾಟುತ್ತದೆ. ಸ್ನಾನ, ಬಟ್ಟೆಗೆ ಬೋರ್ ನೀರು ಅಡ್ಡಿಯಿಲ್ಲ.

ಹೆರಿಗೆಯಾದ ಮೇಲೆ ಎದೆಹಾಲು ನಿಲ್ಲಿಸಬೇಡಿ. ಹಾಲಿಗೆ ಆರ್ಸೆನಿಕ್ ಇಳಿಯುವುದು ತೀರಾ ಕಡಿಮೆ. ಹೆದರಿ ಡಬ್ಬಿ ಹಾಲಿನ ಪುಡಿಯನ್ನು ಇದೇ ಬೋರ್ ನೀರಿನಲ್ಲಿ ಕಲಸಿ ಕೊಟ್ಟರೆ ಕೂಸಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸೇರುತ್ತದೆ.