ಹೊಸಾ ಹಿತ್ತಾಳಿ ಅಚ್ಚಿಗೆ ಹುಣಸಿಹಣ್ಣು ಹಚ್ಚಬ್ಯಾಡ್ರಿ (ಮೀನು ಹಿಡಿಯೋ ಬಲಿ, ಗಾಳದ ಸೀಸದ ಗುಂಡು ಎರೆಯೋರಿಗೆ)

ಅಣ್ಣಾರ, ಫೋಟೋ ನೋಡಿದೆ. ಅಚ್ಚು ಬಂಗಾರದಂಗ ಹೊಳಿಯಾಕತ್ತೈತಿ, ಎರಡನೇ ಕುಳಿಯೊಳಗ ಸೀಸ ಮೆತ್ತಿಕೊಂಡು ಗುಂಡು ಅರ್ಧಾ ಮುರದ ಬಂದೈತಿ. "ಹುಣಸಿಹಣ್ಣು, ಪಿತಾಂಬರಿ ಹಚ್ಚಿ ತಿಕ್ಕಿ, ಸೀಸದಾಗ ಸೋಲ್ಡರ್ ವೈರ್ ಹಾಕಿ ಎರದೆ" ಅಂತ ಬರದೀರಿ. ತಪ್ಪು ಅಲ್ಲೇ ಆಗೇತಿ. ನನ್ನ ಮೊದಲನೇ ಅಚ್ಚೂ ಇದ ಕಾರಣಕ್ಕ ಕೆಟ್ಟಿತ್ತು, ಅದಕ್ಕ ಉದ್ದ ಬರ್ಯಾಕತ್ತೇನಿ.

ಕಲಾಯಿ ಹಾಕೋರು ಏನ್ ಮಾಡ್ತಾರ ನೆನಪು ಮಾಡ್ಕೋರಿ. ಪಾತ್ರಿ ತಿಕ್ಕಿ ಬೆಳಗ್ತಾರ, ಕಾಸ್ತಾರ, ನವಸಾಗರ ಉದುರಿಸಿ ತವರ ಮುಟ್ಟಿಸ್ತಾರ, ಮುಟ್ಟಿಸಿದ ಕೂಡ್ಲೇ ಹತ್ತಿಬಿಡ್ತೈತಿ. ನೀವು ನಿಮ್ಮ ಅಚ್ಚಿಗೆ ಕಲಾಯಿನ ಮಾಡೀರಿ. ಹುಳಿ ಹಿತ್ತಾಳಿ ಮೈಮ್ಯಾಲಿನ ಪದರ ತಗೀತು, ಸೋಲ್ಡರಿನಾಗ ತವರ ಇತ್ತು, ಅದರ ಹೊಟ್ಟ್ಯಾಗಿನ ರಾಳ ನವಸಾಗರದ ಕೆಲಸ ಮಾಡ್ತು. ಬರೇ ಸೀಸ ಹಿತ್ತಾಳಿಗೆ ಅಷ್ಟು ಸುಲಭ ಹತ್ತಂಗಿಲ್ಲ, ತವರ ಸೇರಿದ್ರ ಹತ್ತತೈತಿ. ಹಿತ್ತಾಳಿ ಅಚ್ಚು ಹೊಳಿಬಾರದು, ಕಂದು ಬಣ್ಣಕ್ಕ ಬರಬೇಕು. ಆ ಬಣ್ಣನ ಅದರ ಅಂಗಿ.

ಮೆತ್ತಿದ್ದನ್ನ ಸ್ಕ್ರೂಡ್ರೈವರ್ ಹಚ್ಚಿ ಕೆರಿಬ್ಯಾಡ್ರಿ, ಹಿತ್ತಾಳಿ ಮೆತ್ತಗಿನ ಲೋಹ, ಗೀರು ಬಿದ್ರ ಪ್ರತಿ ಗುಂಡಿನ ಮ್ಯಾಲೂ ಅದ ಗೀರು. ಸೀಸ 327 ಡಿಗ್ರಿಗೆ ಕರಗತೈತಿ. ಅಚ್ಚನ್ನ ಇಡಿಯಾಗಿ ನಿಧಾನ ಕಾಸಿ, ಸೀಸ ಕರಗಿದ ಮ್ಯಾಲ ಚೂಪು ಮಾಡಿದ ಒಣಾ ಬಿದರಿನ ಕಡ್ಡಿಲೇ ತಿಕ್ಕಿ, ದಪ್ಪ ಹತ್ತಿ ಅರಬಿಲೇ ಒರಸ್ರಿ. ಒಂದ ಕಡೆ ಬೆಂಕಿ ಹಿಡದ್ರ ಅಚ್ಚು ಸೊಟ್ಟಾಗತೈತಿ. ನೀರಾಗ ಅದ್ದಿ ಆರಿಸೋದಂತೂ ಬ್ಯಾಡೇ ಬ್ಯಾಡ.

ಈಗ ಮೊದಲಿಂದ ಮಾಡ್ರಿ. ಬೆಳಗಾವಿ ಉದ್ಯಮಬಾಗದ ಕಡೆ ಕೊರೆಸಿದ ಅಚ್ಚಾದ್ರೂ ಆನ್‌ಲೈನ್ ತರಿಸಿದ್ದಾದ್ರೂ ಒಳಗ ಮಷೀನಿನ ಎಣ್ಣಿ ಇದ್ದ ಇರ್ತೈತಿ. ಬಿಸಿನೀರು, ವಿಮ್ ಲಿಕ್ವಿಡ್, ಹಳೇ ಹಲ್ಲುಜ್ಜೋ ಬ್ರಷ್, ಇಷ್ಟ ಸಾಕು. ಗಾಳಿ ಹೋಗೋ ಸಣ್ಣ ಗೀರಿನಾಗೂ ಬ್ರಷ್ ಆಡಸ್ರಿ. ಎರಡು ಸಲ ತೊಳದು ಪೂರ್ತಿ ಒಣಗಿಸಿ, ಹಾಟ್‌ಪ್ಲೇಟಿನ ಮ್ಯಾಲ ದಪ್ಪ ಕಬ್ಬಿಣದ ಹಂಚಿಟ್ಟು, ಅದರ ಮ್ಯಾಲ ಅಚ್ಚಿಟ್ಟು 200 ಡಿಗ್ರಿ ಹತ್ತಿರ ಒಂದು ತಾಸು ಕಾಸ್ರಿ. ತಾನಾಗೇ ಆರಲಿ. ಹಿಂಗ ಮೂರು ಸಲ. ಎರಡನೇ ಸಲಕ್ಕ ಬಣ್ಣ ತಿರುಗತೈತಿ. ಅವಸರ ಮಾಡಿ ಒಂದ ಸಲಕ್ಕ ಬಿಟ್ಟೋರ ಆಮ್ಯಾಲ ಇಲ್ಲಿ ಬಂದು ಗುಂಡು ಬೀಳವಲ್ದು ಅಂತ ಕೇಳ್ತಾರ. ಆ ಹಂಚಿನ ಮ್ಯಾಲ ಮತ್ತ ರೊಟ್ಟಿ ಬೇಯಿಸಬ್ಯಾಡ್ರಿ, ಅದು ಸೀಸದ ಹಂಚಾತು.

ಅಚ್ಚಿನ ಮ್ಯಾಲ ಸೀಸ ಹೊಯ್ಯೋ ತೂತಿರೋ ತಟ್ಟಿಯ ಕೆಳಗ ಮತ್ತ ಜೋಡಣಿ ಪಿನ್ನಿಗೆ ಟು-ಟಿ ಆಯಿಲ್ (ಟು-ಸ್ಟ್ರೋಕ್ ಗಾಡಿಗೆ ಹಾಕೋ ಎಣ್ಣಿ), ಅದೂ ಕಿವಿ ಕಡ್ಡಿಗೆ ಹಚ್ಚಿ ಒರಸಿದ ಮ್ಯಾಲ ಉಳಿಯೋವಷ್ಟ, ಅಚ್ಚು ಬಿಸಿ ಇದ್ದಾಗ. ಕುಳಿಗೆ ಎಣ್ಣಿ ತಾಕಿದ್ರ ಗುಂಡು ಸುಕ್ಕಾಗತೈತಿ. ಡಬ್ಲ್ಯೂಡಿ-ಫಾರ್ಟಿ ಸ್ಪ್ರೇ ಹೊಡಿಯೋ ಚಟ ಬಿಡ್ರಿ, ಅದು ಎಲ್ಲಾ ಕಡೆ ಹರದು ಕುಳಿ ಸೇರತೈತಿ. ತಟ್ಟಿ ತನ್ನ ಭಾರಕ್ಕ ತಾನ ತಿರಗಬೇಕು, ಸ್ಕ್ರೂ ಬಿಗಿ ಹಾಕಬ್ಯಾಡ್ರಿ.

ಎರೆಯುವಾಗ ಸೀಸ 370ರಿಂದ 400 ಡಿಗ್ರಿ. ದೂರದಿಂದ ಬಿಸಿ ಅಳಿಯೋ ಇನ್‌ಫ್ರಾರೆಡ್ ಗನ್ ನಂಬಬ್ಯಾಡ್ರಿ, ಹೊಳಿಯೋ ಸೀಸದ ಮ್ಯಾಲ ಕಡಿಮಿ ತೋರಸತೈತಿ. ಸೀಸದಾಗ ಅದ್ದಿ ಬಿಸಿ ಅಳಿಯೋ ಕೆ-ಟೈಪ್ ಪ್ರೋಬ್ ತಗೋರಿ. ಮೊದಲ ಎಂಟ್‌ಹತ್ತು ಗುಂಡು ಮತ್ತ ಕಡಾಯಿಗೇ ಹಾಕೋವು ಅಂತ ತಿಳಕೋರಿ. ಸುಕ್ಕು ಬಂದ್ರ ಅಚ್ಚು ತಣ್ಣಗೈತಿ ಇಲ್ಲಾ ಎಣ್ಣಿ ಐತಿ. ಮಂಜು ಹಿಡದಂಗ ಬೆಳ್ಳಗ ಬಂದ್ರ ಬಿಸಿ ಜಾಸ್ತಿ ಆಗೇತಿ, ಬಲಿಗೆ ಅದು ನಡೀತೈತಿ. ತಟ್ಟಿ ಮ್ಯಾಲಿನ ಸೀಸ ಗಟ್ಟಿಯಾದ ಮ್ಯಾಲೂ ಐದಾರು ಸೆಕೆಂಡ್ ತಡೀರಿ, ಇಲ್ಲಾಂದ್ರ ಅದು ತಟ್ಟಿ ಕೆಳಗ ಬಳಕೊಂಡು ಹೋಗತೈತಿ. ಗುಂಡು ಬೀಳದಿದ್ರ ಅಚ್ಚಿಗೆ ಬಡಿಬ್ಯಾಡ್ರಿ, ಹಿಡಿಕಿಯ ಕೀಲಿಗೆ ಕಟಗಿಲೇ ಮೆಲ್ಲಕ ತಟ್ಟ್ರಿ.

ಬಲಿಯ ಗುಂಡಿಗೆ ತವರ ಯಾಕ ಬೇಕ್ರಿ? ಮೆತ್ತಗಿನ ಸೀಸನ ಚಲೋ. 10 ಮಿ.ಮೀ. ಗುಂಡು 6 ಗ್ರಾಂ ಹತ್ತಿರ, 12 ಮಿ.ಮೀ.ದು 10 ಗ್ರಾಂ ಮ್ಯಾಲ, ತೂತು ಇದ್ರ ಸ್ವಲ್ಪ ಕಡಿಮಿ. ಟಾಯರ್ ಅಂಗಡಿಯಿಂದ ವೀಲ್ ಬ್ಯಾಲೆನ್ಸಿಂಗ್ ತುಂಡು ತಂದ್ರ ಸತು ಇದ್ದೀತು. ಸತು 419 ಡಿಗ್ರಿಗೆ ಕರಗತೈತಿ, 400 ದಾಟಿಸಬ್ಯಾಡ್ರಿ, ತೇಲಿದ್ದನ್ನ ತಗದ ಒಗೀರಿ. ಹಳೇ ಬ್ಯಾಟರಿ ಪ್ಲೇಟ್ ಮಾತ್ರ ಯಾರೂ ಮನ್ಯಾಗ ಕರಗಸಬ್ಯಾಡ್ರಿ, ಅದರ ಕಿಟ್ಟಕ್ಕ (ಕರಗಿದ ಸೀಸದ ಮ್ಯಾಲ ತೇಲೋ ಕಸಕ್ಕ) ನೀರು ತಾಕಿದ್ರ ವಿಷದ ಗಾಳಿ ಏಳಬಹುದು.

ಆಲಮಟ್ಟಿ ಹಿನ್ನೀರಾಗಿಂದ ತಗದ ಹಳೇ ಬಲಿಯ ಸೀಸ ಒಣಗಿದಂಗ ಕಂಡ್ರೂ ತೂತಿನಾಗ ಕೆಸರು, ಹಸಿ ಇರ್ತೈತಿ. ಕರಗಿದ ಸೀಸಕ್ಕ ಅದನ್ನ ಹಾಕಿದ್ರ ನೀರು ಒಮ್ಮೆಲೇ ಉಗಿಯಾಗಿ ಸೀಸ ಮುಖಕ್ಕ ಸಿಡೀತೈತಿ. ತಣ್ಣನ ಕಡಾಯಿಗೆ ಹಾಕಿ ಆಮ್ಯಾಲ ಒಲಿ ಹಚ್ಚ್ರಿ. ಸೌಟೂ ಕಾಸಿದ್ದಿರಲಿ. ಕಡಾಯಿ ಕಬ್ಬಿಣದ್ದ ಇರಲಿ, ಅಲ್ಯುಮಿನಿಯಂ ಬ್ಯಾಡ. ಕಿಟ್ಟ ತಗಿಯಾಕ ಒಣಾ ಕಟಗಿ ಹೊಟ್ಟು ಒಂದು ಚಮಚ ಹಾಕಿ ಕದಡ್ರಿ, ರಾಳ, ನವಸಾಗರ ಅಚ್ಚಿನ ಹತ್ರ ಸುಳಿಬಾರದು. ಅಂಗಳದಾಗ ಮಾಡ್ರಿ, ಕನ್ನಡಕ, ಬೂಟು ಹಾಕ್ಕೋರಿ, ಹುಡುಗ್ರು ದೂರ ಇರಲಿ. ಹೊಗಿಗಿಂತ ಆ ಬೂದಿ ಬಣ್ಣದ ಕಿಟ್ಟದ ಪುಡಿನ ಹೆಚ್ಚು ಹೊಟ್ಟಿಗೆ ಹೋಗೋದು. ಕೈ ತೊಳಕೊಳ್ಳದ ಚಾ ಕುಡಿಬ್ಯಾಡ್ರಿ.

ಮೂರು ಸಲ ಕಾಸಿದ ಮ್ಯಾಲ ಕುಳಿಯ ಫೋಟೋ ಹಾಕ್ರಿ, ಬಣ್ಣ ನೋಡಿ ಎರೀಬಹುದೋ ಇಲ್ಲೋ ಹೇಳ್ತೇನಿ.