ಸ್ಟೇಜ್ ಮ್ಯಾನೇಜ್‌ಮೆಂಟ್ ಕಲಿಯಲು ಕೋರ್ಸ್ ಬೇಕೇ ಬೇಕಾ, ನಾಟಕ ತಂಡದಲ್ಲಿ ಕೆಲಸ ಮಾಡಿದರೆ ಸಾಕಾ?

ಕೋರ್ಸ್ ಇದ್ದರೆ ಒಳ್ಳೆಯದೇ. ಆದರೆ ಈ ಕೆಲಸ ಕೈಗೆ ಹತ್ತುವುದು ತಾಲೀಮಿನಲ್ಲಿ. ಯಾವುದಾದರೂ ಹವ್ಯಾಸಿ ತಂಡಕ್ಕೆ ಹೋಗಿ, "ಪಾತ್ರ ಬೇಡ, ಪರದೆ ಹಿಂದಿನ ಕೆಲಸ ಕೊಡಿ" ಅನ್ನಿ. ಬೇಡ ಅನ್ನುವವರು ಕಡಿಮೆ. ಪಾತ್ರಕ್ಕೆ ಜನ ಜಾಸ್ತಿ, ಇದಕ್ಕೆ ಯಾರೂ ಸಿಗುವುದಿಲ್ಲ!

ಮೊದಲು ಪ್ರಾಂಪ್ಟ್ ಬುಕ್ ಇಡುವುದನ್ನು ಕಲಿಯಿರಿ. ನಾಟಕದ ಪ್ರತಿ ಪುಟದ ಎದುರು ಒಂದು ಖಾಲಿ ಹಾಳೆ ಸೇರಿಸಿ. ಯಾರು ಯಾವ ಕಡೆಯಿಂದ ಬರುತ್ತಾರೆ, ಯಾವ ಮಾತಿಗೆ ಲೈಟ್ ಬದಲಾಗಬೇಕು, ಚೊಂಬು ಯಾರ ಕೈಗೆ ಹೋಗಬೇಕು, ಎಲ್ಲ ಅಲ್ಲಿರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ. ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ, ಅಲ್ವಾ? ಪ್ರದರ್ಶನದಲ್ಲಿ ಲೈಟಿನವರಿಗೆ ಮೊದಲು "ಸ್ಟ್ಯಾಂಡ್ ಬೈ" (ಸಿದ್ಧವಾಗಿರಿ) ಅನ್ನಿ, ಸರಿಯಾದ ಕ್ಷಣಕ್ಕೆ "ಗೋ" (ಈಗ ಬದಲಿಸಿ). ಆ ವೇಳೆ ಸುಮ್ನೆ ಮಾತಿಗೂ "ಗೋ" ಅನ್ನಬೇಡಿ, ಲೈಟ್ ಬದಲಾಗಿಬಿಡುತ್ತದೆ.

ಪರಿಕರಗಳ ಮೇಜಿಗೆ ಕಾಗದ ಹಾಸಿ, ಒಂದೊಂದು ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಖಾಲಿ ಜಾಗ ಕಂಡರೆ ಏನೋ ಕಳೆದಿದೆ ಎಂದರ್ಥ.

ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಬೇರೆ: ಬಜೆಟ್, ಹಾಲ್ ಬುಕಿಂಗ್, ಲಾರಿ, ಊಟ. ಒಂದೆರಡು ನಾಟಕ ಆದಮೇಲೆ ಅತ್ತ ಹೋಗಿ.

ಪೂರ್ತಿ ತರಬೇತಿಯೇ ಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ನೀನಾಸಮ್ ರಂಗ ಶಿಕ್ಷಣ ಕೇಂದ್ರವಿದೆ, 1980ರಿಂದ. ಅವರ ತಿರುಗಾಟ ತಂಡ 1985ರಿಂದ ಊರೂರು ಸುತ್ತುತ್ತಿದೆ. ಒಂದೊಂದು ಊರಿನ ವೇದಿಕೆ ಒಂದೊಂದು ಅಳತೆ. ನಿಮ್ಮೂರಿಗೆ ಬಂದಾಗ ಸಂಜೆಯ ನಾಟಕಕ್ಕಷ್ಟೇ ಹೋಗಬೇಡಿ. ಲಾರಿಯಿಂದ ಸೆಟ್ ಇಳಿಸುವ ಹೊತ್ತಿಗೇ ಹೋಗಿ ನಿಲ್ಲಿ.