ಹೊಳೆಯ ನೀರು ಬಾವಿಗೆ ಬರುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕಲ್ಯಾಣಪುರದಲ್ಲಿ, ಸ್ವರ್ಣಾ ಹೊಳೆಯ ಬದಿಯಲ್ಲಿ. ಬಾವಿಗೂ ಹೊಳೆಗೂ ಎಪ್ಪತ್ತು ಅಡಿ ದೂರ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ಬಾವಿ ತುಂಬಿ ಒಳ್ಳೆಯ ಸಿಹಿನೀರು. ಎಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮೇಲೆ ಮಾಡಿದ ಚಹಾವೂ ಉಪ್ಪು. ಮೂರು ವರ್ಷದ ಹಿಂದೆ ಪಂಪ್ ಹಾಕಿಸುವವರೆಗೆ ಹೀಗಿರಲಿಲ್ಲ. ಹೊಳೆಗೆ ಚರಂಡಿ ನೀರೂ ಸೇರುತ್ತದೆ. ಉಪ್ಪು ಬಂದ ದಾರಿಯಲ್ಲೇ ಆ ಕೊಳೆಯೂ ಬರುತ್ತದೆಯೇ? ಬಾವಿಯನ್ನು ಇನ್ನೂ ಐದಡಿ ಆಳ ಮಾಡಿಸಬೇಕೆಂದಿದ್ದೇವೆ.

ಉತ್ತರ: ಆಳ ಮಾಡಿಸುವ ಕೆಲಸವನ್ನು ದಯವಿಟ್ಟು ಈಗಲೇ ನಿಲ್ಲಿಸಿ. ಕಾರಣ ಮುಂದೆ ಹೇಳುತ್ತೇನೆ.

ಹೊಳೆಗೂ ಬಾವಿಗೂ ನಡುವೆ ಇರುವ ಹೊಯಿಗೆಯೊಳಗೆ (ಮರಳಿನೊಳಗೆ) ನೀರು ಸದಾ ಓಡಾಡುತ್ತಲೇ ಇರುತ್ತದೆ. ಯಾವ ಕಡೆ ಮಟ್ಟ ಎತ್ತರವೋ ಅಲ್ಲಿಂದ ತಗ್ಗಿನ ಕಡೆಗೆ, ಅಷ್ಟೇ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ತೂತುಗಳಲ್ಲಿ ಇಳಿಯುವ ಆ ನೀರನ್ನು ಅಡಿಯ ಶೇಡಿಮಣ್ಣು, ಅಂದರೆ ನುಣುಪಾದ ಜೇಡಿ, ತಡೆಯುತ್ತದೆ. ಕೆಳಗಿಳಿಯಲಾರದೆ ಅದು ಬದಿಗೆ ಸರಿದು ಹೊಳೆ ಸೇರುತ್ತದೆ. ಆಟಿಯಲ್ಲಿ ನಿಮ್ಮ ಬಾವಿ ಹೊಳೆಗೆ ನೀರು ಕೊಡುತ್ತಿರುತ್ತದೆ, ಅದಕ್ಕೇ ಆ ಸಿಹಿ.

ಎಪ್ರಿಲ್‌ನಲ್ಲಿ ಗುಡ್ಡದ ಒಸರು ಬತ್ತಿರುತ್ತದೆ. ಹೊಳೆಯ ಮೇಲ್ಭಾಗದಲ್ಲಿ ಬಜೆ ಅಣೆಕಟ್ಟಿನಲ್ಲಿ ಉಡುಪಿ ನಗರಕ್ಕೆಂದು ನೀರು ಕಟ್ಟಿ ನಿಲ್ಲಿಸಿರುತ್ತಾರೆ. ಕೆಳಗಿನಿಂದ ಭರತದೊಂದಿಗೆ (ಉಬ್ಬರದೊಂದಿಗೆ) ಕಡಲ ನೀರು ಹೊಳೆಗೆ ನುಗ್ಗುತ್ತದೆ. ಆ ಹೊತ್ತಿಗೆ ನೀವು ಪಂಪ್ ಹಾಕುತ್ತೀರಿ. ಕೊಡಪಾನದಲ್ಲಿ ಸೇದುವಾಗ ಬಾವಿಯ ಮಟ್ಟ ಬೆರಳಷ್ಟು ಇಳಿಯುತ್ತಿತ್ತು, ಒಸರು ಅದನ್ನು ತುಂಬಿಕೊಡುತ್ತಿತ್ತು. ಪಂಪ್ ಅರ್ಧ ಗಂಟೆಯಲ್ಲಿ ನಾಲ್ಕಡಿ ಇಳಿಸಿಬಿಟ್ಟರೆ ಬಾವಿ ಹೊಳೆಗಿಂತ ತಗ್ಗಾಗುತ್ತದೆ, ಹರಿವು ತಿರುಗುತ್ತದೆ.

ಇದನ್ನು ನೀವೇ ನೋಡಬಹುದು. ಗಾರೆ ಕೆಲಸದವರ ಮಟ್ಟದ ಪೈಪ್‌ನಿಂದ ಬಾವಿಕಟ್ಟೆಯ ಎತ್ತರವನ್ನು ಹೊಳೆಬದಿಯ ಒಂದು ತೆಂಗಿನ ಮರಕ್ಕೆ ಗುರುತು ಹಾಕಿಸಿ. ಎರಡೂ ಗುರುತಿನಿಂದ ನೀರಿಗೆ ಹಗ್ಗ ಬಿಟ್ಟು ಅಳೆಯಿರಿ. ಭರತಕ್ಕೊಮ್ಮೆ, ಇಳಿತಕ್ಕೊಮ್ಮೆ, ಪಂಪ್ ನಿಂತ ಕೂಡಲೇ ಇನ್ನೊಮ್ಮೆ. ಹಗ್ಗ ಉದ್ದ ಬೇಕಾದ ಕಡೆ ತಗ್ಗು. ಹೊಯಿಗೆ ಸಡಿಲವಿದ್ದಲ್ಲಿ ಭರತ ಬಂದ ಸ್ವಲ್ಪ ಹೊತ್ತಿಗೆ ಬಾವಿಯೂ ಏರುವುದನ್ನು ಕಾಣುತ್ತೀರಿ.

ಇನ್ನು ಕೊಳೆಯ ವಿಷಯ. ಎಲ್ಲವೂ ಒಂದೇ ರೀತಿ ಪ್ರಯಾಣ ಮಾಡುವುದಿಲ್ಲ. ಉಪ್ಪನ್ನು ಹೊಯಿಗೆ ತಡೆಯುವುದೇ ಇಲ್ಲ, ನೀರು ತಲುಪಿದಲ್ಲಿಗೆ ಅದೂ ತಲುಪುತ್ತದೆ. ರೋಗಾಣುಗಳು ಹಾಗಲ್ಲ. ಸಣ್ಣ ಹೊಯಿಗೆಯಲ್ಲಿ ನೀರು ವಾರಗಟ್ಟಲೆ ನಿಧಾನವಾಗಿ ಸಾಗಿದರೆ ಹೆಚ್ಚಿನವು ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಜರ್ಮನಿಯ ಡುಸೆಲ್‌ಡಾರ್ಫ್ ನಗರ 1870ರಿಂದ ರೈನ್ ನದಿಯ ದಡದ ಬಾವಿಗಳಿಂದ ಹೀಗೆ ಸೋಸಿದ ನೀರು ಪಡೆಯುತ್ತಿದೆ. ನಮ್ಮ ಹರಿದ್ವಾರದಲ್ಲೂ ಗಂಗೆಯ ಬದಿ ಇಂಥ ಬಾವಿಗಳಿವೆ. ಆದರೆ ದಡದಲ್ಲಿ ತೂತುತೂತಾದ ಮುರಕಲ್ಲು ಇದ್ದರೆ ಈ ಭರವಸೆ ಬೇಡ. ಅಲ್ಲಿ ನೀರು ಸೋಸುವುದಿಲ್ಲ, ಓಡುತ್ತದೆ.

ನನಗೆ ಹೊಳೆಗಿಂತ ಹೆಚ್ಚಿನ ಚಿಂತೆ ನಿಮ್ಮ ಮತ್ತು ನೆರೆಮನೆಯ ಶೌಚದ ಗುಂಡಿಯದು. ಮಳೆಗಾಲದಲ್ಲಿ ನೆಲದ ನೀರು ಏರಿ ಗುಂಡಿಯನ್ನೇ ಮುಟ್ಟುತ್ತದೆ. ಗುಂಡಿ ಗುಡ್ಡದ ಕಡೆಗಿದ್ದರೆ ಹರಿವು ನೇರ ಬಾವಿಗೆ. ಅಂದರೆ ನೀವು ಸಿಹಿ ಎನ್ನುವ ಆಟಿಯ ನೀರನ್ನೇ ಮೊದಲು ಪರೀಕ್ಷೆ ಮಾಡಿಸಬೇಕು. 100 ಮಿಲಿಲೀಟರ್‌ನಲ್ಲಿ ಮಲ ಸೇರಿದ್ದನ್ನು ತೋರಿಸುವ ಇ-ಕೋಲಿ ಎಂಬ ಅಣು ಒಂದೂ ಇರಕೂಡದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಕೂಡದು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ ಇದನ್ನು ಮರೆಯಬೇಡಿ. ಬೇಸಿಗೆಯ ನೀರಿನಲ್ಲಿ ಉಪ್ಪನ್ನು ಅಳೆಯುವ ಕ್ಲೋರೈಡ್ ನೋಡಿಸಿ: ಲೀಟರಿಗೆ 250 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1,000ದವರೆಗೆ.

ಈಗ ಆಳದ ಮಾತು. ಉಪ್ಪುನೀರು ಭಾರ, ಸಿಹಿನೀರಿನ ಅಡಿಯಲ್ಲಿ ಮಲಗಿರುತ್ತದೆ. ಕಡಲಂಚಿನ ಹೊಯಿಗೆಯಲ್ಲಿ ಸಿಹಿನೀರಿನ ಮಟ್ಟ ಒಂದಡಿ ಇಳಿದರೆ ಅಡಿಯ ಉಪ್ಪು ಕಾಲಕ್ರಮದಲ್ಲಿ ಸುಮಾರು 40 ಅಡಿ ಮೇಲೇಳಬಹುದು ಎನ್ನುವುದು ಹಳೆಯ ಲೆಕ್ಕ. ಐದಡಿ ಅಗೆದರೆ ನೀವೇ ಅದರ ಹತ್ತಿರ ಹೋದಂತೆ. ಬದಲಿಗೆ ಪಂಪ್‌ನ ಕಾಲನ್ನು (ನೀರು ಹೀರುವ ತುದಿಯನ್ನು) ಮೇಲಕ್ಕೆತ್ತಿ, ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ನಡೆಸಿ. ತೋಟಕ್ಕೆ ಈ ಬಾವಿ ಬೇಡ. ಮನೆಯ ಮಾಡಿನ ಮಳೆನೀರನ್ನು ಬಾವಿಗೆ ಬಿಟ್ಟರೆ ಸಾಕೇ ಎಂದು ಕೇಳುವವರಿದ್ದಾರೆ. ಹೊಳೆಗೆ ಇಷ್ಟು ಹತ್ತಿರ ಬಿಟ್ಟ ನೀರು ಮೇ ತನಕ ಉಳಿಯುವುದಿಲ್ಲ. ಕುಡಿಯಲು ಬೇಕಾದಷ್ಟನ್ನು ಟ್ಯಾಂಕಿಯಲ್ಲಿ ಹಿಡಿದಿಡಿ.

ಪ್ರಶ್ನೆ: ಗುರುಪುರದಲ್ಲಿ ನಮ್ಮ ಗದ್ದೆಯ ತೋಡಿನ ಮೇಲೆ ಎಣ್ಣೆಯಂತೆ ಬಣ್ಣಬಣ್ಣದ ಪೊರೆ, ಅಡಿಯಲ್ಲಿ ಕೆಂಪು ಕೆಸರು. ಡೀಸೆಲ್ ಸೇರಿದೆಯೇ?

ಉತ್ತರ: ಒಂದು ಕಡ್ಡಿಯಿಂದ ಪೊರೆಯನ್ನು ಕದಡಿ. ಒಡೆದ ಗಾಜಿನಂತೆ ಚೂರುಚೂರಾಗಿ, ಮತ್ತೆ ಕೂಡಿಕೊಳ್ಳದಿದ್ದರೆ ಅದು ಕಬ್ಬಿಣ. ಗಾಳಿಯಾಡದ ಕೆಸರಿನಲ್ಲಿ ಮುರಕಲ್ಲಿನ ಕಬ್ಬಿಣ ಕರಗಿ, ತೋಡಿಗೆ ಒಸರಿ ಗಾಳಿ ಸೋಕಿದ ಕೂಡಲೇ ಕೆಂಪಾಗುತ್ತದೆ. ಕಡ್ಡಿಯ ಹಿಂದೆಯೇ ಪೊರೆ ಸುಳಿದು ಮತ್ತೆ ಮುಚ್ಚಿಕೊಂಡರೆ, ಡೀಸೆಲ್ ವಾಸನೆಯೂ ಬಂದರೆ ಎಣ್ಣೆಯೇ. ಆಗ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ದಿನ ಮತ್ತು ಹೊತ್ತು ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ. ಪ್ಲಾಸ್ಟಿಕ್ ಬಾಟಲಿ ಬೇಡ, ಎಣ್ಣೆ ಅದಕ್ಕೇ ಅಂಟಿಕೊಳ್ಳುತ್ತದೆ.